ಏಳು ಸಾವಿರ ಸಾಲಿನ ಹಾಲಿನ ಲೆಕ್ಕ: ಸ್ಪ್ರೆಡ್‌ಶೀಟಿನಲ್ಲಿ ಸರಾಸರಿ ತೆಗೆಯುವುದು ಹೇಗೆ?

ತಿಂಗಳಿಗೆ ಎರಡು ಮೂರು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗಳು, ಹಾಲು ಪರೀಕ್ಷಕರು, ಇಲ್ಲವೇ ಅಪ್ಪನ ಡೈರಿ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಏರಿಸಲು ಹೊರಟ ಕಾಲೇಜು ಹುಡುಗರು. ಮಾತು ಮಾತ್ರ ಒಂದೇ: "ಸಾವಿರಾರು ಸಾಲು ಇವೆ ಸಾರ್, ಸರಾಸರಿ ಫ್ಯಾಟ್ ತೆಗೆದೆ, ಆದರೆ ಒಕ್ಕೂಟದಿಂದ ಬಂದ ಲೆಕ್ಕಕ್ಕೂ ನಮ್ಮದಕ್ಕೂ ತಾಳೆ ಆಗ್ತಿಲ್ಲ. ಫಾರ್ಮುಲಾ ತಪ್ಪಾ?"

ಬಹುತೇಕ ಸಲ ಫಾರ್ಮುಲಾ ಸರಿಯಾಗಿಯೇ ಇರುತ್ತದೆ. ಸರಾಸರಿ ಅಂದರೆ ಕೂಡಿಸಿ ಭಾಗಿಸುವುದು, ಅಷ್ಟೇ. ಕೂಡಿಸುವುದರಲ್ಲಿ ಕಂಪ್ಯೂಟರ್ ಎಡವುವುದಿಲ್ಲ. ಎಷ್ಟರಿಂದ ಭಾಗಿಸಬೇಕು ಅನ್ನುವುದನ್ನು ನಾವು ಯೋಚಿಸದೆ ಬಿಟ್ಟಿರುತ್ತೇವೆ, ಅದು ತನ್ನ ನಿಯಮದಂತೆ ಭಾಗಿಸಿಬಿಟ್ಟಿರುತ್ತದೆ. ಈ ಲೇಖನವೆಲ್ಲ ಆ ಭಾಗಿಸುವ ಸಂಖ್ಯೆಯ ಸುತ್ತಲೇ ತಿರುಗುತ್ತದೆ.

ಉದಾಹರಣೆಗೆ ಒಂದು ಸಾಧಾರಣ ಸೊಸೈಟಿ ಇಟ್ಟುಕೊಳ್ಳೋಣ. 118 ಜನ ಹಾಲು ಹಾಕುತ್ತಾರೆ, ಬೆಳಿಗ್ಗೆ ಸಂಜೆ ಎರಡು ಹೊತ್ತು, 30 ದಿನ. ಒಬ್ಬರೂ ತಪ್ಪಿಸದಿದ್ದರೆ ತಿಂಗಳಿಗೆ 7,080 ಸಾಲು. ನಿಮ್ಮದು ಹಾಲಿನ ಲೆಕ್ಕ ಅಲ್ಲದಿದ್ದರೂ ಪರವಾಗಿಲ್ಲ. ಮಂಡಿಯ ಅಡಿಕೆ ದರವಿರಲಿ, ಶಾಲೆಯ ಅಂಕವಿರಲಿ, ದಾರಿ ಇದೇ.

ಶುರು ಮಾಡುವ ಮೊದಲು ಒಂದು ಮಾತು. ಫಾರ್ಮುಲಾಗಳನ್ನು ನಾನಿಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡಬೇಕಾದ್ದು ಇಂಗ್ಲಿಷ್ ಅಕ್ಷರದಲ್ಲಿ. 'ಎವರೇಜ್' ಕಂಡಲ್ಲಿ ಎ-ವಿ-ಇ-ಆರ್-ಎ-ಜಿ-ಇ, 'ಎಫ್2' ಕಂಡಲ್ಲಿ ಇಂಗ್ಲಿಷಿನ ಎಫ್ ಮತ್ತು 2. ಸಮ ಚಿಹ್ನೆ ಹಾಕಿ ಮೊದಲ ಮೂರು ಅಕ್ಷರ ಒತ್ತಿದರೆ ಉಳಿದ ಹೆಸರು ಪಟ್ಟಿಯಾಗಿ ತಾನೇ ಇಳಿಯುತ್ತದೆ, ಕಾಗುಣಿತದ ಚಿಂತೆ ಬೇಡ. ಎಕ್ಸೆಲ್, ಗೂಗಲ್ ಶೀಟ್ಸ್, ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್ ಮೂರರಲ್ಲೂ ಹೆಚ್ಚುಕಡಿಮೆ ಇವೇ ಫಾರ್ಮುಲಾಗಳು. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಹಂತ 1: ಹಾಳೆಯನ್ನು ಅಣಿ ಮಾಡಿಕೊಳ್ಳಿ

ಒಂದು ಹೊತ್ತಿಗೆ ಒಬ್ಬರು ಹಾಕಿದ ಹಾಲಿಗೆ ಒಂದು ಸಾಲು. ಕಾಲಂಗಳು ಹೀಗಿರಲಿ:

ಎ – ದಿನಾಂಕ
ಬಿ – ಹೊತ್ತು (ಬೆಳಿಗ್ಗೆ / ಸಂಜೆ)
ಸಿ – ಸದಸ್ಯರ ಸಂಖ್ಯೆ
ಡಿ – ಹಸು / ಎಮ್ಮೆ
ಇ – ಲೀಟರ್
ಎಫ್ – ಫ್ಯಾಟ್ (ಹಾಲಿನ ಕೊಬ್ಬು, ಶೇಕಡಾದಲ್ಲಿ)
ಜಿ – ಎಸ್‌ಎನ್‌ಎಫ್ (ಕೊಬ್ಬು ಮತ್ತು ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ)

ಮೊದಲ ಸಾಲಿನಲ್ಲಿ ತಲೆಬರಹ, ಎರಡನೇ ಸಾಲಿನಿಂದ ಲೆಕ್ಕ. ಮಧ್ಯೆ ಎಲ್ಲೂ ಖಾಲಿ ಸಾಲು ಬೇಡ, ಬಣ್ಣ ಬಳಿದ "ದಿನದ ಒಟ್ಟು" ಸಾಲಂತೂ ಬೇಡವೇ ಬೇಡ. ಪುಸ್ತಕದಲ್ಲಿ ಬರೆದು ರೂಢಿಯಾದವರು ಪ್ರತಿ ಹೊತ್ತಿನ ಕೊನೆಗೆ ಒಂದು ಒಟ್ಟು ಹಾಕದೆ ಇರಲಾರರು. ಆ ಒಟ್ಟಿನ ಸಾಲೂ ಸರಾಸರಿಯೊಳಗೆ ನುಗ್ಗುತ್ತದೆ. ಐದು ಲೀಟರಿನ ಸಾಲುಗಳ ನಡುವೆ 600 ಲೀಟರಿನ ಸಾಲೊಂದು ಕೂತರೆ ಏನಾಗುತ್ತದೆಂದು ನೀವೇ ಊಹಿಸಿ. ಒಟ್ಟುಗಳೆಲ್ಲ ಬೇರೆ ಹಾಳೆಯಲ್ಲಿರಲಿ. ಸೆಲ್‌ಗಳನ್ನು, ಅಂದರೆ ಚೌಕಗಳನ್ನು, ಚೆಂದಕ್ಕಾಗಿ ಮರ್ಜ್ ಮಾಡಿ ಒಂದಾಗಿಸಲೂ ಬೇಡಿ.

ಕಡತವನ್ನು ಉಳಿಸುವಾಗ ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಇದೆಯೇ ನೋಡಿ. ಹಳೆಯ ಎಕ್ಸ್‌ಎಲ್‌ಎಸ್ ಆಗಿದ್ದರೆ ಒಂದು ಹಾಳೆಗೆ ಹಿಡಿಸುವುದು 65,536 ಸಾಲು ಮಾತ್ರ. ತಿಂಗಳಿಗೆ 7,080ರಂತೆ ನಮ್ಮ ಸೊಸೈಟಿಯ ಹನ್ನೆರಡು ತಿಂಗಳ ಲೆಕ್ಕವೇ 84,960 ಸಾಲು! 2020ರಲ್ಲಿ ಇಂಗ್ಲೆಂಡಿನಲ್ಲಿ ಈ ಹಳೆಯ ಮಿತಿಗೇ ಸಿಕ್ಕಿಕೊಂಡು 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಹೊರಗೆ ಉಳಿದಿದ್ದವು. ಹೊಸ ಮಾದರಿಯಲ್ಲಿ 10,48,576 ಸಾಲು ಹಿಡಿಸುತ್ತದೆ.

ಇನ್ನೊಂದು ಕಷ್ಟ ಕನ್ನಡದಲ್ಲಿ ನಮೂದು ಮಾಡುವವರಿಗಷ್ಟೇ ಬರುವುದು. ಒಬ್ಬರು "ಬೆಳಿಗ್ಗೆ" ಅಂತ ಬರೆಯುತ್ತಾರೆ, ರಜೆಯಲ್ಲಿ ಅವರ ಬದಲು ಬಂದವರು "ಬೆಳಗ್ಗೆ" ಅಂತ. ಓದುವ ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಬೇರೆ ಪದ. ಬೆಳಿಗ್ಗೆಯ ಸರಾಸರಿ ಕೇಳಿದರೆ ಅರ್ಧ ತಿಂಗಳನ್ನು ಸದ್ದಿಲ್ಲದೆ ಬಿಟ್ಟು ಉತ್ತರ ಕೊಡುತ್ತದೆ, ತಪ್ಪು ಅಂತ ಕೆಂಪು ಗೆರೆಯನ್ನೂ ಎಳೆಯುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸಾಲುಗಳನ್ನು ಯೂನಿಕೋಡ್ ಸಾಲುಗಳ ಜೊತೆ ಬೆರೆಸಿದಾಗಲೂ ಇದೇ ಕತೆ. ಪರದೆಯ ಮೇಲೆ ಎರಡೂ "ಸಂಜೆ" ಎಂದೇ ಕಾಣುತ್ತವೆ, ಒಳಗಿನ ಸಂಕೇತ ಬೇರೆ. ಪರಿಹಾರ: ಬಿ ಮತ್ತು ಡಿ ಕಾಲಂಗಳಲ್ಲಿ ಕೈಯಿಂದ ಟೈಪ್ ಮಾಡಲೇಬೇಡಿ. ಡೇಟಾ ಮೆನುವಿನ 'ಡೇಟಾ ವ್ಯಾಲಿಡೇಶನ್' (ಸೆಲ್‌ಗೆ ಏನು ಹಾಕಬಹುದು ಎಂದು ಕಟ್ಟಳೆ ಹಾಕುವ ಸೌಲಭ್ಯ) ತೆರೆದು ಪಟ್ಟಿ ಕೊಟ್ಟರೆ ಸೆಲ್‌ನ ಪಕ್ಕ ಬಾಣ ಬರುತ್ತದೆ, ಆರಿಸಿದರಾಯಿತು. ಬೇಸರವೆನಿಸಿದರೆ ಬೆಳಿಗ್ಗೆಗೆ 1, ಸಂಜೆಗೆ 2 ಅಂತ ಬರೆದುಕೊಳ್ಳಿ. ನಾನು ಮಾಡುವುದೂ ಅದನ್ನೇ.

ಹಂತ 2: ಅಂಕಿಗಳು ನಿಜವಾಗಿ ಅಂಕಿಗಳೇ?

ಜನ ಹಾರಿಸಿಬಿಡುವ ಹಂತ ಇದು. ದಯವಿಟ್ಟು ಹಾರಿಸಬೇಡಿ.

ಹಾಳೆಯ ಬದಿಯಲ್ಲಿ ಖಾಲಿ ಇರುವ ನಾಲ್ಕು ಸೆಲ್‌ಗಳಲ್ಲಿ ಈ ನಾಲ್ಕನ್ನು ಬರೆಯಿರಿ:

=ಕೌಂಟ್(ಎಫ್2:ಎಫ್7081)
=ಕೌಂಟ್‌ಎ(ಎಫ್2:ಎಫ್7081)
=ಮಿನ್(ಎಫ್2:ಎಫ್7081)
=ಮ್ಯಾಕ್ಸ್(ಎಫ್2:ಎಫ್7081)

'ಎಫ್2:ಎಫ್7081' ಅಂದರೆ ಎಫ್ ಕಾಲಂನ 2ನೇ ಸಾಲಿನಿಂದ 7081ನೇ ಸಾಲಿನವರೆಗೆ. ಇದನ್ನು ರೇಂಜ್ ಅನ್ನುತ್ತಾರೆ. ಕೌಂಟ್ ಎಣಿಸುವುದು ಅಂಕಿಯಿರುವ ಸೆಲ್‌ಗಳನ್ನು ಮಾತ್ರ, ಕೌಂಟ್‌ಎ ಎಣಿಸುವುದು ಏನಾದರೂ ಇರುವ ಎಲ್ಲ ಸೆಲ್‌ಗಳನ್ನು. ಎರಡೂ ಒಂದೇ ಬಂದರೆ ಸರಿ. ಕೌಂಟ್ 6,950, ಕೌಂಟ್‌ಎ 7,020 ಬಂದರೆ 70 ಸೆಲ್‌ಗಳಲ್ಲಿ ಅಂಕಿಯಂತೆ ಕಾಣುವ ಅಕ್ಷರಗಳಿವೆ ಎಂದರ್ಥ. ಹಾಲು ಪರೀಕ್ಷೆ ಯಂತ್ರದ ತಂತ್ರಾಂಶದಿಂದಲೋ ವಾಟ್ಸಾಪಿನಿಂದಲೋ ಕಾಪಿ ಮಾಡಿ ತಂದಾಗ ಹೀಗಾಗುತ್ತದೆ. "4..2" ಅಂತ ಎರಡು ಚುಕ್ಕೆ ಬಿದ್ದರೂ ಅದು ಅಕ್ಷರವೇ. ಎವರೇಜ್ ಫಾರ್ಮುಲಾ ಇಂಥ ಸೆಲ್‌ಗಳನ್ನು ಏನೂ ಹೇಳದೆ ದಾಟಿಕೊಂಡು ಹೋಗುತ್ತದೆ.

ಗುರುತಿಸುವುದು ಸುಲಭ. ಯಾವ ಜೋಡಣೆಯನ್ನೂ ಮಾಡದ ಕಾಲಂನಲ್ಲಿ ಅಂಕಿ ಬಲಕ್ಕೆ ಒರಗುತ್ತದೆ, ಅಕ್ಷರ ಎಡಕ್ಕೆ. ಎಕ್ಸೆಲ್‌ನಲ್ಲಿ ಸೆಲ್‌ನ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನವೂ ಕಾಣಬಹುದು. ಸರಿಪಡಿಸಲು ಎಕ್ಸೆಲ್‌ನಲ್ಲಿ ಆ ಕಾಲಂ ಆರಿಸಿ, ಡೇಟಾ ಮೆನುವಿನಲ್ಲಿ 'ಟೆಕ್ಸ್ಟ್ ಟು ಕಾಲಮ್ಸ್' ತೆರೆದು, ಏನನ್ನೂ ಬದಲಿಸದೆ ಫಿನಿಶ್ ಒತ್ತಿ. ಹೆಚ್ಚಿನವು ಅಂಕಿಗಳಾಗುತ್ತವೆ. ಹಟ ಹಿಡಿದು ಉಳಿದವುಗಳಲ್ಲಿ ಕಣ್ಣಿಗೆ ಕಾಣದ ಒಂದು ಬಗೆಯ ಖಾಲಿ ಜಾಗ ಸೇರಿಕೊಂಡಿರುತ್ತದೆ. ಆ ಖಾಲಿಯನ್ನೇ ಸೆಲ್‌ನ ಒಳಗಿನಿಂದ ಕಾಪಿ ಮಾಡಿ, 'ಫೈಂಡ್ ಅಂಡ್ ರಿಪ್ಲೇಸ್'ನಲ್ಲಿ ಹುಡುಕುವ ಜಾಗಕ್ಕೆ ಅಂಟಿಸಿ, ಬದಲಿಯ ಜಾಗವನ್ನು ಖಾಲಿ ಬಿಟ್ಟು ಎಲ್ಲ ಕಡೆ ತೆಗೆಸಿ. ಅಂಕಿಗಳನ್ನು ಯಾವಾಗಲೂ 0ಯಿಂದ 9ರ ಅಂಕಿಗಳಲ್ಲೇ ಹೊಡೆಯಿರಿ. ಕನ್ನಡ ಅಂಕಿಯ ಅಭಿಮಾನ ಆಮಂತ್ರಣ ಪತ್ರಿಕೆಗಿರಲಿ.

ಈಗ ಮಿನ್ ಮತ್ತು ಮ್ಯಾಕ್ಸ್. ಅತಿ ಕಡಿಮೆ ಫ್ಯಾಟ್ ಎಷ್ಟು, ಅತಿ ಹೆಚ್ಚು ಎಷ್ಟು ಎಂದು ಇವು ಹೇಳುತ್ತವೆ. ಮಿನ್‌ನಲ್ಲಿ 0.042 ಬಂತೇ? ಯಾರೋ 4.2ರ ಮುಂದೆ ಶೇಕಡಾ ಚಿಹ್ನೆ ಹಾಕಿದ್ದಾರೆ, ಕಂಪ್ಯೂಟರ್ ಅದನ್ನು ನೂರರಿಂದ ಭಾಗಿಸಿ ಇಟ್ಟುಕೊಂಡಿದೆ. ಮ್ಯಾಕ್ಸ್‌ನಲ್ಲಿ 42 ಬಂತೇ? ಚುಕ್ಕೆ ಬಿಟ್ಟುಹೋಗಿದೆ. 45692 ಅಂತ ಬಂದರೆ ಗಾಬರಿಯಾಗಬೇಡಿ. 4.2 ಬದಲು 4-2 ಅಂತ ಹೊಡೆದಿದ್ದಾರೆ, ಎಕ್ಸೆಲ್ ಅದನ್ನು ಫೆಬ್ರುವರಿ 4 ಅಂತ ಓದಿಕೊಂಡಿದೆ. ದಿನಾಂಕವನ್ನು ಅದು ಒಳಗೊಳಗೆ ಸಂಖ್ಯೆಯಾಗಿ ಇಡುತ್ತದೆ. 1900ರ ಜನವರಿ 1ಕ್ಕೆ 1 ಎಂದು ಶುರುವಾಗುವ ಆ ಎಣಿಕೆಯಲ್ಲಿ 2025ರ ಫೆಬ್ರುವರಿ 4ಕ್ಕೆ ಬರುವುದು 45692.

ಸರಾಸರಿಯನ್ನು ನೋಡಿದರೇ ತಪ್ಪು ಗೊತ್ತಾಗುವುದಿಲ್ಲವೇ ಅಂತ ಕೇಳಬಹುದು. ದೊಡ್ಡ ತಪ್ಪು ಗೊತ್ತಾಗುತ್ತದೆ. ಸರಾಸರಿ 4 ಇರಬೇಕಾದ 7,080 ಸಾಲುಗಳಲ್ಲಿ ಮೇಲಿನ ಒಂದೇ ದಿನಾಂಕ ಸೇರಿದರೂ ಉತ್ತರ 10.45 ಆಗುತ್ತದೆ, ಹಸುವಿನ ಹಾಲಿಗೆ ಅಷ್ಟು ಫ್ಯಾಟ್ ಎಲ್ಲಿಂದ ಬರಬೇಕು? ಆದರೆ 4.2ರ ಬದಲು 42 ಬಿದ್ದರೆ 7,080 ಸಾಲಿನ ಸರಾಸರಿಯಲ್ಲಿ ಬರುವ ವ್ಯತ್ಯಾಸ 0.005. ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ 42, ಆ ಹಾಲು ಹಾಕಿದವರ 60 ಸಾಲಿನ ಸರಾಸರಿಯನ್ನು 0.63 ಮೇಲೇರಿಸುತ್ತದೆ. ಸಾಲು ಹೆಚ್ಚಾದಷ್ಟೂ ತಪ್ಪಿಗೆ ಅಡಗಲು ಜಾಗ ಹೆಚ್ಚು. ಹಾಗಾಗಿ ಮಿನ್, ಮ್ಯಾಕ್ಸ್ ನೋಡದೆ ಮುಂದೆ ಹೋಗಬೇಡಿ.

ಮುಂದಕ್ಕೆ ಇಂಥವು ಬೀಳದಂತೆ ಎಫ್ ಕಾಲಂಗೂ ಡೇಟಾ ವ್ಯಾಲಿಡೇಶನ್ ಹಾಕಿ: ದಶಮಾಂಶ ಸಂಖ್ಯೆ, 2ರಿಂದ 12ರ ಒಳಗೆ. ಒಂದು ಎಚ್ಚರ: ಈ ಕಾವಲು ಟೈಪ್ ಮಾಡಿದ್ದನ್ನಷ್ಟೇ ತಡೆಯುತ್ತದೆ. ಎಕ್ಸೆಲ್‌ನಲ್ಲಿ ಕಾಪಿ ಮಾಡಿ ಅಂಟಿಸಿದ್ದು ಕಾವಲನ್ನೇ ಅಳಿಸಿಕೊಂಡು ಒಳಗೆ ಬರಬಹುದು.

ಹಂತ 3: ಸಾದಾ ಸರಾಸರಿ

=ಎವರೇಜ್(ಎಫ್2:ಎಫ್7081)

ಎಂಟರ್ ಒತ್ತಿ, ಮುಗಿಯಿತು. ಫಾರ್ಮುಲಾ ಬರೆಯದೆ ಒಮ್ಮೆ ನೋಡಿದರೆ ಸಾಕು ಅಂದರೆ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ. ಎಕ್ಸೆಲ್‌ನ ಕೆಳಗಿನ ಪಟ್ಟಿಯಲ್ಲಿ ಸರಾಸರಿ, ಎಣಿಕೆ, ಮೊತ್ತ ಮೂರೂ ಕಾಣುತ್ತವೆ.

ರೇಂಜ್ ಆರಿಸುವಾಗ ಮೌಸ್ ಹಿಡಿದು ಏಳು ಸಾವಿರ ಸಾಲು ಎಳೆಯಬೇಡಿ. ಕಂಟ್ರೋಲ್, ಶಿಫ್ಟ್ ಹಿಡಿದು ಕೆಳಬಾಣ ಒತ್ತುವ ಉಪಾಯ ಎಲ್ಲರಿಗೂ ಗೊತ್ತು. ಆದರೆ ಅದು ಮೊದಲ ಖಾಲಿ ಸೆಲ್ ಎದುರಾದ ಕೂಡಲೇ ನಿಂತುಬಿಡುತ್ತದೆ. 2,300ನೇ ಸಾಲಿನಲ್ಲಿ ಒಂದು ಫ್ಯಾಟ್ ಬಿಟ್ಟುಹೋಗಿದ್ದರೆ ನಿಮ್ಮ ಸರಾಸರಿ ಅಲ್ಲಿಗೇ ಮುಗಿಯುತ್ತದೆ. ಕೊನೆಯ ಸಾಲಿನ ಸಂಖ್ಯೆ ನೋಡಿಕೊಂಡು ಕೈಯಿಂದಲೇ ಟೈಪ್ ಮಾಡುವುದು ಮೇಲು. ಇಲ್ಲವೇ ಇಡೀ ಕಾಲಂ ಕೊಡಿ:

=ಎವರೇಜ್(ಎಫ್:ಎಫ್)

ನಾಳೆ ಸಾಲು ಸೇರಿದರೂ ಇದು ತಾನೇ ಹಿಡಿದುಕೊಳ್ಳುತ್ತದೆ, ತಲೆಬರಹ ಅಕ್ಷರವಾದ್ದರಿಂದ ಅಡ್ಡ ಬರುವುದಿಲ್ಲ. ಈ ಫಾರ್ಮುಲಾವನ್ನು ಎಫ್ ಕಾಲಂನ ಒಳಗೇ ಬರೆದರೆ ಮಾತ್ರ ತನ್ನನ್ನು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳಲು ಹೋಗಿ ಸುತ್ತು ಬೀಳುತ್ತದೆ. ಬೇರೆ ಕಾಲಂನಲ್ಲೋ ಬೇರೆ ಹಾಳೆಯಲ್ಲೋ ಬರೆಯಿರಿ.

ಹ್ಯಾಶ್ ಗುರುತಿನ ಮುಂದೆ 'ಡಿಐವಿ/0' ಅಂತ ಬಂದರೆ ಸೊನ್ನೆಯಿಂದ ಭಾಗಿಸಲು ಹೊರಟಿದ್ದೀರಿ ಎಂದರ್ಥ. ಆ ರೇಂಜ್‌ನಲ್ಲಿ ಒಂದೂ ಅಂಕಿ ಸಿಕ್ಕಿಲ್ಲ, ಹಂತ 2ಕ್ಕೆ ವಾಪಸ್ ಹೋಗಿ.

ಹಂತ 4: ಖಾಲಿ ಬಿಡುವುದೋ, ಸೊನ್ನೆ ಹಾಕುವುದೋ?

ಎವರೇಜ್ ಖಾಲಿ ಸೆಲ್ಲನ್ನು ಎಣಿಸುವುದಿಲ್ಲ, ಸೊನ್ನೆಯನ್ನು ಎಣಿಸುತ್ತದೆ. ಅರ್ಧಕ್ಕರ್ಧ ತಕರಾರು ಹುಟ್ಟುವುದೇ ಇಲ್ಲಿ.

ಸದಸ್ಯ ಸಂಖ್ಯೆ 27 ಇಟ್ಟುಕೊಳ್ಳಿ. 30 ದಿನಗಳಲ್ಲಿ 22 ದಿನ, ಎರಡೂ ಹೊತ್ತು ಹಾಲು ಹಾಕಿದ್ದಾರೆ. ಒಟ್ಟು 44 ಸಾಲು, 220 ಲೀಟರ್. ಇವರ "ಸರಾಸರಿ ಹಾಲು" ಎಷ್ಟು?

ಎವರೇಜ್ ಹಾಕಿದರೆ 220 ಭಾಗ 44, ಅಂದರೆ 5 ಲೀಟರ್. ಇದು ಹೊತ್ತಿನ ಸರಾಸರಿ. ಹಾಲು ಹಾಕಿದ ದಿನಗಳಿಂದ ಭಾಗಿಸಿದರೆ 220 ಭಾಗ 22, 10 ಲೀಟರ್. ತಿಂಗಳ ದಿನಗಳಿಂದ ಭಾಗಿಸಿದರೆ 220 ಭಾಗ 30, 7.33 ಲೀಟರ್. ಮೂರೂ ಸರಿಯಾದ ಲೆಕ್ಕವೇ. ಹಸುವಿನ ಕರಾವು ಹೇಗಿದೆ, ಹಿಂಡಿ ಎಷ್ಟು ಕೊಡಬೇಕು ಅಂತ ನೋಡುವವರಿಗೆ 10 ಬೇಕು. ಸಾಲಕ್ಕೆಂದು ತಿಂಗಳ ಆದಾಯ ಅಂದಾಜಿಸುವವರಿಗೆ 7.33 ಬೇಕು. ಒಂದು ಹೊತ್ತಿಗೆ ಎಷ್ಟು ಕ್ಯಾನ್ ತೊಳೆದಿಡಬೇಕು ಅಂತ ಯೋಚಿಸುವವರಿಗೆ 5 ಉಪಯೋಗಕ್ಕೆ ಬಂದೀತು. ತಲೆಬರಹದಲ್ಲಿ ಬರೀ "ಸರಾಸರಿ" ಅಂತ ಬರೆದು ಬಿಡಬೇಡಿ. "ಹಾಲು ಹಾಕಿದ ದಿನದ ಸರಾಸರಿ" ಅಂತಲೇ ಬರೆಯಿರಿ. ಮೂರು ಪದ ಹೆಚ್ಚಾದರೂ ಸಭೆಯಲ್ಲಿ ಜಗಳ ಒಂದು ಕಡಿಮೆ.

ನನ್ನ ನಿಯಮ ಇಷ್ಟು. ಹಾಲು ಹಾಕದ ಹೊತ್ತಿಗೆ ಸಾಲೇ ಬೇಡ. ಹಾಲು ಅಳೆದು, ಯಂತ್ರ ಕೆಟ್ಟು ಫ್ಯಾಟ್ ನೋಡಲಾಗದಿದ್ದರೆ ಫ್ಯಾಟ್ ಸೆಲ್ ಖಾಲಿ ಇರಲಿ. ಫ್ಯಾಟ್‌ಗೆ ಸೊನ್ನೆಯನ್ನಂತೂ ಎಂದೂ ಹಾಕಬೇಡಿ, ಸೊನ್ನೆ ಫ್ಯಾಟಿನ ಹಾಲು ಯಾವ ಹಸುವೂ ಕೊಡುವುದಿಲ್ಲ. ಈಗಾಗಲೇ ಸೊನ್ನೆ ತುಂಬಿದ ಹಾಳೆ ಕೈಗೆ ಬಂದಿದ್ದರೆ ಹೀಗೆ ಬಿಡಿಸಿಕೊಳ್ಳಿ:

=ಎವರೇಜ್‌ಇಫ್(ಎಫ್2:ಎಫ್7081,">0")

'ಸೊನ್ನೆಗಿಂತ ಹೆಚ್ಚಿರುವವುಗಳ ಸರಾಸರಿ ಮಾತ್ರ' ಎಂದು ಇದರರ್ಥ. ಷರತ್ತನ್ನು ಜೋಡಿ ಉದ್ಧರಣ ಚಿಹ್ನೆಯೊಳಗೇ ಬರೆಯಬೇಕು.

ಹಾಲು ಹಾಕಿದ ದಿನಗಳನ್ನು ಎಣಿಸಲು ಗೂಗಲ್ ಶೀಟ್ಸ್‌ನಲ್ಲಿ =ಕೌಂಟ್‌ಯೂನಿಕ್‌ಇಫ್ಸ್(ಎ:ಎ,ಸಿ:ಸಿ,27) ಸಾಕು, ಒಂದೇ ದಿನಾಂಕ ಎರಡು ಸಲ ಬಂದರೂ ಒಂದೇ ಅಂತ ಎಣಿಸುತ್ತದೆ. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ನಲ್ಲಿ =ರೋಸ್(ಯೂನಿಕ್(ಫಿಲ್ಟರ್(ಎ2:ಎ7081,ಸಿ2:ಸಿ7081=27))).

ಹಂತ 5: ಫ್ಯಾಟ್‌ಗೆ ಸಾದಾ ಸರಾಸರಿ ಸಲ್ಲದು

ಒಕ್ಕೂಟದ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆಯಾಗದಿರುವುದು ಬಹುಪಾಲು ಈ ಕಾರಣಕ್ಕೆ. ಒಬ್ಬರ ಒಂದೇ ದಿನದ ಲೆಕ್ಕ ನೋಡಿ:

ಬೆಳಿಗ್ಗೆ: 9 ಲೀಟರ್, ಫ್ಯಾಟ್ 3.6
ಸಂಜೆ: 3 ಲೀಟರ್, ಫ್ಯಾಟ್ 4.4

3.6 ಮತ್ತು 4.4ರ ಸಾದಾ ಸರಾಸರಿ 4.0. ಈಗ ಎರಡೂ ಹೊತ್ತಿನ ಹಾಲನ್ನು ಒಂದೇ ಕ್ಯಾನಿಗೆ ಸುರಿದು ಪರೀಕ್ಷೆ ಮಾಡಿದಿರಿ ಎಂದುಕೊಳ್ಳಿ. 4.0 ಬರುತ್ತದೆಯೇ? ಬರುವುದಿಲ್ಲ. ಕ್ಯಾನಿನಲ್ಲಿ ಮುಕ್ಕಾಲು ಭಾಗ ಬೆಳಗಿನ ತೆಳು ಹಾಲೇ ಇದೆ. 9 ಗುಣಿಸು 3.6, ಅಂದರೆ 32.4. 3 ಗುಣಿಸು 4.4, ಅಂದರೆ 13.2. ಕೂಡಿದರೆ 45.6, ಅದನ್ನು 12 ಲೀಟರಿನಿಂದ ಭಾಗಿಸಿದರೆ 3.8. ಕ್ಯಾನಿನ ಹಾಲಿಗೆ ಬರುವುದು ಇದೇ 3.8.

ಇದನ್ನು ತೂಕದ ಸರಾಸರಿ ಅನ್ನುತ್ತಾರೆ. ಪ್ರತಿ ಅಂಕಿಗೂ ಅದರ ಹಿಂದಿರುವ ಪ್ರಮಾಣದಷ್ಟೇ ಬೆಲೆ ಕೊಡುವುದು. ಹಾಲಿನಲ್ಲಿ ಈ ವ್ಯತ್ಯಾಸ ಅಪರೂಪದ್ದಲ್ಲ. ರಾತ್ರಿಯ ಅಂತರ ಉದ್ದವಾದಾಗ ಬೆಳಿಗ್ಗೆ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ಸಂಜೆ ಹಾಲು ಕಡಿಮೆ, ಫ್ಯಾಟ್ ಹೆಚ್ಚು. ಹಾಗಾಗಿ ಸಾದಾ ಸರಾಸರಿ ಫ್ಯಾಟನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಲೇ ಹೋಗುತ್ತದೆ. ಹಸು, ಎಮ್ಮೆ ಹಾಲು ಎರಡೂ ಬರುವ ಸೊಸೈಟಿಯಲ್ಲಂತೂ ಅಂತರ ಇನ್ನೂ ದೊಡ್ಡದು.

ಇಡೀ ತಿಂಗಳಿಗೆ ಒಂದೇ ಸಾಲಿನಲ್ಲಿ:

=ಸಮ್‌ಪ್ರಾಡಕ್ಟ್(ಇ2:ಇ7081,ಎಫ್2:ಎಫ್7081)/ಸಮ್(ಇ2:ಇ7081)

ಸಮ್‌ಪ್ರಾಡಕ್ಟ್ ಪ್ರತಿ ಸಾಲಿನ ಲೀಟರನ್ನು ಅದೇ ಸಾಲಿನ ಫ್ಯಾಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸುತ್ತದೆ. ಎರಡು ರೇಂಜ್‌ಗಳೂ ಒಂದೇ ಉದ್ದ ಇರಲೇಬೇಕು. ಒಂದು 7081ಕ್ಕೂ ಇನ್ನೊಂದು 7080ಕ್ಕೂ ನಿಂತರೆ ತಪ್ಪು ತೋರಿಸುತ್ತದೆ.

ಇಲ್ಲೊಂದು ಗುಂಡಿ ಇದೆ, ನಾನೂ ಒಮ್ಮೆ ಬಿದ್ದೆದ್ದಿದ್ದೇನೆ. ಫ್ಯಾಟ್ ಖಾಲಿ ಇರುವ ಸಾಲುಗಳನ್ನು ನೆನಪಿಸಿಕೊಳ್ಳಿ. ಮೇಲಿನ ಅಂಶದಲ್ಲಿ ಅವುಗಳ ಕೊಡುಗೆ ಸೊನ್ನೆ, ಕೆಳಗಿನ ಭಾಗಿಸುವ ಸಂಖ್ಯೆಯಲ್ಲಿ ಮಾತ್ರ ಅವುಗಳ ಲೀಟರ್ ಸೇರಿರುತ್ತದೆ. ಎರಡು ಹೊತ್ತು ಯಂತ್ರ ಕೈಕೊಟ್ಟರೆ ಇಡೀ ತಿಂಗಳ ಫ್ಯಾಟ್ ಕುಸಿದಂತೆ ಕಾಣುತ್ತದೆ. ಅದಕ್ಕೆ ಫ್ಯಾಟ್ ಇರುವ ಲೀಟರುಗಳಿಂದ ಮಾತ್ರ ಭಾಗಿಸಿ:

=ಸಮ್‌ಪ್ರಾಡಕ್ಟ್(ಇ2:ಇ7081,ಎಫ್2:ಎಫ್7081)/ಸಮ್‌ಇಫ್ಸ್(ಇ2:ಇ7081,ಎಫ್2:ಎಫ್7081,">0")

ಎಸ್‌ಎನ್‌ಎಫ್‌ಗೂ ಇದೇ ದಾರಿ, ಎಫ್ ಬದಲು ಜಿ ಹಾಕಿ. "ಫ್ಯಾಟ್ ಶೇಕಡಾ ತೂಕದ ಲೆಕ್ಕದ್ದು, ನಾವು ಲೀಟರಿನಿಂದ ಗುಣಿಸುತ್ತಿದ್ದೇವಲ್ಲ?" ಅಂತ ಕೇಳುವ ಸೂಕ್ಷ್ಮದವರೂ ಇರುತ್ತಾರೆ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ. ಎಲ್ಲ ಸಾಲನ್ನೂ ಅದೇ 1.03ರಿಂದ ಗುಣಿಸಿದರೆ ಮೇಲೂ ಕೆಳಗೂ ಅದು ಹೊಡೆದುಹೋಗುತ್ತದೆ, ಸರಾಸರಿ ಬದಲಾಗದು. ಫ್ಯಾಟ್ ಎಷ್ಟು ಕೆಜಿ ಎಂದು ಬೇಕಾದಾಗ ಮಾತ್ರ ಅದನ್ನು ಸೇರಿಸಿಕೊಳ್ಳಿ.

ಸರಾಸರಿಗಳ ಸರಾಸರಿ ತೆಗೆಯುವುದೂ ಇದೇ ಜಾತಿಯ ತಪ್ಪು. ಮೂರು ಊರಿನ ಹಾಲು ಒಂದೇ ಶೀತಲೀಕರಣ ಕೇಂದ್ರಕ್ಕೆ ಬರುತ್ತದೆ: 1,200 ಲೀಟರಿಗೆ 3.9, 300 ಲೀಟರಿಗೆ 4.5, 500 ಲೀಟರಿಗೆ 4.2. ಮೂರು ಸರಾಸರಿಗಳನ್ನು ಕೂಡಿ ಮೂರರಿಂದ ಭಾಗಿಸಿದರೆ 4.2. ಟ್ಯಾಂಕಿನಲ್ಲಿರುವ 2,000 ಲೀಟರಿನ ನಿಜವಾದ ಫ್ಯಾಟ್ 4.065. ದಿನದ ಸರಾಸರಿಗಳನ್ನು ಕೂಡಿ ತಿಂಗಳ ಸರಾಸರಿ ಮಾಡುವವರು, ತಿಂಗಳವನ್ನು ಕೂಡಿ ವರ್ಷದ್ದು ಮಾಡುವವರು ಇದನ್ನೇ ಮಾಡುತ್ತಿರುತ್ತಾರೆ. ಯಾವಾಗಲೂ ಮೂಲ ಸಾಲುಗಳಿಗೇ ಹಿಂತಿರುಗಿ.

ಹಂತ 6: ಒಬ್ಬೊಬ್ಬರ ಸರಾಸರಿ, ಬಟವಾಡೆಯ ಅವಧಿಗೆ

ಎಚ್ ಕಾಲಂಗೆ 'ಲೀಟರ್ x ಫ್ಯಾಟ್' ಅಂತ ತಲೆಬರಹ ಕೊಡಿ, ಎಚ್2ರಲ್ಲಿ =ಇ2*ಎಫ್2 ಬರೆದು, ಸೆಲ್‌ನ ಬಲಗೆಳಗಿನ ಪುಟ್ಟ ಚೌಕದ ಮೇಲೆ ಜೋಡಿ ಕ್ಲಿಕ್ ಮಾಡಿ. ಕೊನೆಯವರೆಗೂ ತುಂಬಿಕೊಳ್ಳುತ್ತದೆ. ಕೊನೆಯ ಸಾಲು ಮುಟ್ಟಿದೆಯೇ ಒಮ್ಮೆ ನೋಡಿ.

ಬೇರೊಂದು ಹಾಳೆಗೆ 'ಸಾರಾಂಶ' ಅಂತ ಹೆಸರಿಟ್ಟು, ಎ ಕಾಲಂನಲ್ಲಿ 3ನೇ ಸಾಲಿನಿಂದ ಸದಸ್ಯರ ಸಂಖ್ಯೆಗಳನ್ನು ಬರೆಯಿರಿ. ಬಿ1ರಲ್ಲಿ ಅವಧಿಯ ಮೊದಲ ದಿನ, ಸಿ1ರಲ್ಲಿ ಕೊನೆಯ ದಿನ. ಹಾಲಿನ ಹಾಳೆಯ ಹೆಸರು 'ಹಾಲು' ಆಗಿದ್ದರೆ ಬಿ3ರಲ್ಲಿ:

=ಸಮ್‌ಇಫ್ಸ್(ಹಾಲು!ಎಚ್:ಎಚ್,ಹಾಲು!ಸಿ:ಸಿ,ಎ3,ಹಾಲು!ಎ:ಎ,">="&$ಬಿ$1,ಹಾಲು!ಎ:ಎ,"<="&$ಸಿ$1)

ಸಿ3ರಲ್ಲಿ ಇದನ್ನೇ ಬರೆದು ಎಚ್:ಎಚ್ ಬದಲು ಇ:ಇ ಹಾಕಿ, ಆವರಣ ಮುಚ್ಚುವ ಮೊದಲು ,ಹಾಲು!ಎಫ್:ಎಫ್,">0" ಸೇರಿಸಿ. ಡಿ3ರಲ್ಲಿ =ಬಿ3/ಸಿ3. ಮೂರನ್ನೂ ಕೆಳಗೆ ಎಳೆಯಿರಿ. 118 ಜನರ ಸರಾಸರಿ ಫ್ಯಾಟ್ ಸಿದ್ಧ. ಮುಂದಿನ ಬಟವಾಡೆಗೆ ಎರಡು ದಿನಾಂಕ ಬದಲಿಸಿದರೆ ಸಾಕು.

ಡಾಲರ್ ಚಿಹ್ನೆ ಯಾಕೆ? ಫಾರ್ಮುಲಾ ಕೆಳಗೆ ಎಳೆದಾಗ ಎ3 ತಾನೇ ಎ4, ಎ5 ಆಗುತ್ತದೆ. ನಮಗೆ ಬೇಕಾದ್ದೂ ಅದೇ. ಆದರೆ ದಿನಾಂಕದ ಸೆಲ್ ಜಾರಬಾರದು. ಡಾಲರ್ ಅದನ್ನು ಮೊಳೆ ಹೊಡೆದಂತೆ ನಿಲ್ಲಿಸುತ್ತದೆ. ಮೊದಲನೆಯವರ ಲೆಕ್ಕ ಸರಿ, ಉಳಿದವರದ್ದೆಲ್ಲ ವಿಚಿತ್ರ ಅಂತಾದರೆ ಡಾಲರ್ ಮರೆತಿದ್ದೀರಿ. ಸೆಲ್ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್4 ಕೀಲಿ ಒತ್ತಿದರೆ (ಸೆಲ್ ಅಲ್ಲ, ಕೀಬೋರ್ಡಿನ ಮೇಲುಸಾಲಿನ ಕೀಲಿ) ತಾನೇ ಬೀಳುತ್ತದೆ.

ತೂಕ ಬೇಡ, ಬರೀ ಸಾದಾ ಸರಾಸರಿ ಸಾಕು ಎನ್ನುವ ಕಡೆ ಎವರೇಜ್‌ಇಫ್ಸ್ ಇದೆ. ಎವರೇಜ್‌ಇಫ್‌ಗೂ ಇದಕ್ಕೂ ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಒಳಗಿನ ಅನುಕ್ರಮ ಮಾತ್ರ ತಿರುಗುಮುರುಗು. ಎವರೇಜ್‌ಇಫ್‌ನಲ್ಲಿ ಸರಾಸರಿ ತೆಗೆಯಬೇಕಾದ ಕಾಲಂ ಕೊನೆಗೆ, ಎವರೇಜ್‌ಇಫ್ಸ್‌ನಲ್ಲಿ ಮೊದಲಿಗೆ. ಒಂದೇ ಷರತ್ತು ಇದ್ದರೂ ನಾನು ಎರಡನೆಯದನ್ನೇ ಬಳಸುತ್ತೇನೆ, ನೆನಪಿಡಬೇಕಾದ್ದು ಒಂದೇ ಆಗುತ್ತದೆ.

ಹಂತ 7: ಫಾರ್ಮುಲಾ ಬೇಡ ಅನ್ನುವವರಿಗೆ ಪಿವಟ್ ಟೇಬಲ್

ಪಿವಟ್ ಟೇಬಲ್ ಅಂದರೆ ಸಾವಿರ ಸಾಲುಗಳನ್ನು ಗುಂಪು ಮಾಡಿ ಚಿಕ್ಕ ಕೋಷ್ಟಕ ಮಾಡಿಕೊಡುವ ಸೌಲಭ್ಯ. ಇನ್ಸರ್ಟ್ ಮೆನುವಿನಲ್ಲಿದೆ. ಸದಸ್ಯರ ಸಂಖ್ಯೆಯನ್ನು 'ರೋಸ್'ಗೆ, ಫ್ಯಾಟನ್ನು 'ವ್ಯಾಲ್ಯೂಸ್'ಗೆ ಎಳೆದು ಹಾಕಿ. ಮೊದಲು ಅದು ಸಾಮಾನ್ಯವಾಗಿ ಮೊತ್ತ ತೋರಿಸುತ್ತದೆ, ಸದಸ್ಯರೊಬ್ಬರ ಫ್ಯಾಟ್ 240 ಅಂತ ನೋಡಿ ಹೌಹಾರಬೇಡಿ. ಅಲ್ಲೇ ಸೆಟ್ಟಿಂಗ್‌ನಲ್ಲಿ 'ಎವರೇಜ್' ಆರಿಸಿ.

ಆದರೆ ಇದು ಹಂತ 5ರಲ್ಲಿ ಬೇಡ ಅಂದ ಸಾದಾ ಸರಾಸರಿ. ತೂಕದ್ದು ಬೇಕಾದರೆ ಎಕ್ಸೆಲ್‌ನಲ್ಲಿ 'ಕ್ಯಾಲ್ಕುಲೇಟೆಡ್ ಫೀಲ್ಡ್' ಸೇರಿಸಿ, ಎಚ್ ಕಾಲಂನ ಹೆಸರು ಭಾಗಿಸು ಲೀಟರ್ ಅಂತ ಕೊಡಿ. ಅದು ಮೊದಲು ಎರಡನ್ನೂ ಕೂಡಿಸಿ ಆಮೇಲೆ ಭಾಗಿಸುತ್ತದೆ, ನಮಗೆ ಬೇಕಾದ್ದೇ ಅದು. ಫ್ಯಾಟ್ ಖಾಲಿ ಇರುವ ಸಾಲುಗಳನ್ನು ಪಿವಟ್‌ನೊಳಗಿನ ಫಿಲ್ಟರ್‌ನಲ್ಲೇ ಹೊರಗಿಡುವುದನ್ನು ಮರೆಯಬೇಡಿ. ಎಕ್ಸೆಲ್‌ನ ಹಲವು ಆವೃತ್ತಿಗಳಲ್ಲಿ ಪಿವಟ್ ಹೊಸ ಸಾಲುಗಳನ್ನು ತಾನಾಗಿ ನೋಡುವುದಿಲ್ಲ, ಬಲ ಕ್ಲಿಕ್ ಮಾಡಿ ರಿಫ್ರೆಶ್ ಒತ್ತಬೇಕು.

ಹಂತ 8: ಫಿಲ್ಟರ್ ಮತ್ತು ದಶಮಾಂಶ

ಡಿ ಕಾಲಂನಲ್ಲಿ "ಎಮ್ಮೆ" ಮಾತ್ರ ಕಾಣುವಂತೆ ಫಿಲ್ಟರ್ ಹಾಕಿದ್ದೀರಿ, ಸರಾಸರಿ ಬದಲಾಗಲಿಲ್ಲ. ಎವರೇಜ್‌ಗೆ ಫಿಲ್ಟರ್ ಗೊತ್ತಾಗುವುದಿಲ್ಲ. ಕಾಣುವ ಸಾಲುಗಳದ್ದು ಮಾತ್ರ ಬೇಕಾದರೆ =ಸಬ್‌ಟೋಟಲ್(101,ಎಫ್2:ಎಫ್7081). 101 ಎಂಬುದು 'ಮರೆಯಾದ ಸಾಲು ಬಿಟ್ಟು ಸರಾಸರಿ' ಎನ್ನುವುದರ ಸಂಕೇತ.

ಸೆಲ್‌ನಲ್ಲಿ ಒಂದೇ ದಶಮಾಂಶ ಕಾಣುವಂತೆ ಮಾಡುವುದು ಬೇರೆ, ಅಂಕಿಯನ್ನೇ ಕತ್ತರಿಸುವುದು ಬೇರೆ. ಮೊದಲನೆಯದರಲ್ಲಿ 4.065 ಒಳಗೆ ಹಾಗೇ ಇರುತ್ತದೆ. ಕತ್ತರಿಸಬೇಕಾದರೆ =ರೌಂಡ್(ಡಿ3,1), ಅದೂ ಕಟ್ಟಕಡೆಗೆ ಒಂದೇ ಸಲ. ಮಧ್ಯೆ ಮಧ್ಯೆ ಕತ್ತರಿಸುತ್ತಾ ಬಂದರೆ ಚಿಲ್ಲರೆ ಚಿಲ್ಲರೆಯಾಗಿ ಹಣ ಯಾರದೋ ಕಡೆಗೆ ಜಾರುತ್ತದೆ.

ಹಂತ 9: ಒಬ್ಬರದನ್ನು ಕೈಯಲ್ಲಿ ಮಾಡಿ ನೋಡಿ

ಬಟವಾಡೆ ಪಟ್ಟಿ ಪ್ರಿಂಟ್ ಕೊಡುವ ಮೊದಲು, ಕಡಿಮೆ ದಿನ ಹಾಲು ಹಾಕಿದ ಒಬ್ಬ ಸದಸ್ಯರನ್ನು ಆರಿಸಿ. ಎಂಟು ಹತ್ತು ಸಾಲಿರುತ್ತದೆ. ಕ್ಯಾಲ್ಕುಲೇಟರ್ ತೆಗೆದುಕೊಂಡು ಲೀಟರ್, ಫ್ಯಾಟ್ ಗುಣಿಸಿ, ಕೂಡಿ, ಒಟ್ಟು ಲೀಟರಿನಿಂದ ಭಾಗಿಸಿ. ಸಾರಾಂಶದ ಹಾಳೆಯ ಅಂಕಿಗೆ ಸರಿಹೊಂದಿದರೆ ಬಾಕಿ 117 ಜನರದ್ದಕ್ಕೂ ಅದೇ ಫಾರ್ಮುಲಾ ಇಳಿದಿದೆಯೇ ಎಂದು ಪಟ್ಟಿಯ ಕೊನೆಯ ಸೆಲ್ ಮೇಲೆ ಕ್ಲಿಕ್ ಮಾಡಿ ನೋಡಿಕೊಳ್ಳಿ. ಸರಿಹೊಂದದಿದ್ದರೆ ಆ ಸದಸ್ಯರ ಸಾಲುಗಳನ್ನು ಫಿಲ್ಟರ್ ಮಾಡಿ, ಎಡಕ್ಕೆ ಒರಗಿರುವ ಅಂಕಿ ಯಾವುದೆಂದು ಹುಡುಕಿ.